ಸೊನ್ನೆ ಸಾಲು ಸಿಕ್ಕರೆ ಏನರ್ಥ? ಎಐ ಏಜೆಂಟ್‌ಗಾಗಿ ಲಾಗ್ ಹುಡುಕುವ ಟೂಲ್‌ಗೆ ಡಾಕ್ಯುಮೆಂಟೇಶನ್ ಬರೆಯುವ ಬಗೆ

ಒಂದು ಸಲ ನಮ್ಮ ಏಜೆಂಟ್‌ಗೆ, ಅಂದರೆ ಟೂಲ್‌ಗಳನ್ನು ತಾನೇ ಕರೆದು ಕೆಲಸ ಮಾಡುವ ಎಐ ಪ್ರೋಗ್ರಾಂಗೆ, ಸರಳವಾದ ಪ್ರಶ್ನೆ ಕೊಟ್ಟಿದ್ದೆ: "ಬೆಳಿಗ್ಗೆ ಪೇಮೆಂಟ್ ಯಾಕೆ ಕೈಕೊಟ್ಟಿತು? ಲಾಗ್ ನೋಡಿ ಹೇಳು." ಅರ್ಧ ನಿಮಿಷದಲ್ಲಿ ಉತ್ತರ ಬಂತು. ಪೇಮೆಂಟ್ ಸರ್ವಿಸ್‌ನ ಲಾಗ್‌ನಲ್ಲಿ (ಪ್ರೋಗ್ರಾಂ ಓಡುತ್ತಾ ಬರೆದಿಡುವ ದಾಖಲೆಯಲ್ಲಿ) ಒಂದೂ ಎರರ್ ಇಲ್ಲ, ತೊಂದರೆ ಬೇರೆ ಕಡೆ ಇರಬೇಕು ಅಂತ. ನಾನೂ ನಂಬಿ ಬೇರೆ ಕಡೆ ಹುಡುಕುತ್ತಾ ಕೂತೆ. ಆಮೇಲೆ ನೋಡಿದರೆ ಲಾಗ್‌ನಲ್ಲಿ ಎರರ್ ಸಾಲುಗಳು ರಾಶಿ ಬಿದ್ದಿದ್ದವು. ಸಮಯ ಕೊಡದೆ ಕೇಳಿದರೆ ಆ ಟೂಲ್ ಕಳೆದ ಒಂದು ಗಂಟೆಯನ್ನು ಮಾತ್ರ ನೋಡುತ್ತಿತ್ತು. ಎರರ್ ನಿಂತು ಆಗಲೇ ಎರಡು ಗಂಟೆಯಾಗಿತ್ತು.

ಟೂಲ್‌ನಲ್ಲಿ ಬಗ್ ಇರಲಿಲ್ಲ. ಏಜೆಂಟ್ ಕೂಡ ತನಗೆ ಕಂಡದ್ದನ್ನೇ ಹೇಳಿತ್ತು. ಒಂದು ಗಂಟೆಯ ವಿಷಯವನ್ನು ಡಾಕ್ಯುಮೆಂಟೇಶನ್‌ನಲ್ಲಿ ಬರೆಯದೆ ಬಿಟ್ಟವನು ನಾನು. ಆವತ್ತಿನಿಂದ ಇಂಥ ಟೂಲ್‌ಗೆ ವಿವರಣೆ ಬರೆಯುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಏನೂ ಸಿಗದಿದ್ದಾಗ ಅದರ ಅರ್ಥ ಏನು ಅಂತ ಏಜೆಂಟ್‌ಗೆ ಗೊತ್ತಾಗುತ್ತದಾ? "ಸಿಗಲಿಲ್ಲ" ಬೇರೆ, "ಇಲ್ಲ" ಬೇರೆ. ಈ ಎರಡನ್ನು ಬಿಡಿಸಿ ಹೇಳುವುದೇ ಇಲ್ಲಿನ ಮುಖ್ಯ ಕೆಲಸ. ಉಳಿದ ಹೆಜ್ಜೆಗಳೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಒಂದು ಸೂಚನೆ. ಉದಾಹರಣೆಗೆ ಸರ್ಚ್_ಲಾಗ್ಸ್ ಅನ್ನುವ ಟೂಲ್ ಒಂದನ್ನು ಕಲ್ಪಿಸಿಕೊಂಡಿದ್ದೇನೆ. ಓದಲು ಸುಲಭವಾಗಲಿ ಅಂತ ಪ್ಯಾರಾಮೀಟರ್ (ಟೂಲ್‌ಗೆ ಕೊಡುವ ಇನ್‌ಪುಟ್) ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನಿಮ್ಮದನ್ನು ಬರೆಯುವಾಗ ಕೋಡ್‌ನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ವ್ಯತ್ಯಾಸವಿಲ್ಲದೆ ಬರೆಯಿರಿ.

ಏಜೆಂಟ್ ಓದುವ ರೀತಿ ಬೇರೆ

ನಾವು ಲಾಗ್ ನೋಡುವಾಗ ಪರದೆಯೇ ನಮಗೆ ಅರ್ಧ ವಿಷಯ ಹೇಳಿಬಿಡುತ್ತದೆ. ಲಾಗ್ ತೋರಿಸುವ ಕಿಬಾನಾ ತೆರೆದರೆ ಮೇಲ್ಗಡೆ "ಕಳೆದ 15 ನಿಮಿಷ" ಅಂತ ಕಾಣುತ್ತದೆ. ಫಲಿತಾಂಶ ಖಾಲಿ ಬಂದರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಗ್ರಾಫ್‌ನಲ್ಲಿ ಗುಡ್ಡ ಎದ್ದಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಏಜೆಂಟ್‌ಗೆ ಇದೆಲ್ಲ ಇಲ್ಲ. ಪಕ್ಕದ ಸೀಟಿನವರನ್ನು "ಇದು ಯುಟಿಸಿ ಸಮಯನಾ?" (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯನಾ) ಅಂತ ಕೇಳುವ ಹಾಗೂ ಇಲ್ಲ.

ಅದರ ಕೈಯಲ್ಲಿರುವುದು ಟೂಲ್‌ನ ವಿವರಣೆ, ಟೂಲ್ ವಾಪಸ್ ಕೊಟ್ಟ ಪಠ್ಯ, ಮತ್ತು ತರಬೇತಿಯಲ್ಲಿ ಕಲಿತ ಅಭ್ಯಾಸ. ಈ ಅಭ್ಯಾಸ ಉಪಕಾರಿಯೂ ಹೌದು, ತರಲೆಯೂ ಹೌದು. ಗ್ರೆಪ್, ಸ್ಪ್ಲಂಕ್, ಎಲಾಸ್ಟಿಕ್‌ಸರ್ಚ್, ಲೋಕಿಯಂಥ ಹುಡುಕುವ ಸಾಫ್ಟ್‌ವೇರ್‌ಗಳೆಲ್ಲದರ ವ್ಯಾಕರಣವೂ ಏಜೆಂಟ್‌ನೊಳಗಿನ ಎಐ ಮಾಡೆಲ್‌ಗೆ ಅಷ್ಟಿಷ್ಟು ಗೊತ್ತು. ನೀವು ಹೇಳದೆ ಬಿಟ್ಟ ಜಾಗವನ್ನು ಅದು ಆ ನೆನಪಿನಿಂದ ತುಂಬಿಕೊಳ್ಳುತ್ತದೆ. ನಿಮ್ಮ ಟೂಲ್ ಸ್ಪ್ಲಂಕ್ ಥರ ಕಾಣುತ್ತಿದ್ದರೆ ಸ್ಪ್ಲಂಕ್ ಕ್ವೆರಿಯನ್ನೇ (ಹುಡುಕಲು ಕೊಡುವ ಪ್ರಶ್ನೆಯನ್ನೇ) ಬರೆದು ಕಳಿಸುತ್ತದೆ, ಅದೂ ಪೂರ್ತಿ ವಿಶ್ವಾಸದಿಂದ.

ಹೆಜ್ಜೆ 1: ಬರೆಯುವ ಮೊದಲು ಟೂಲ್ ಅನ್ನು ಕೆಣಕಿ ನೋಡಿ

ಕೋಡ್ ಓದಿ ಡಾಕ್ಯುಮೆಂಟೇಶನ್ ಬರೆಯಲು ಕೂರಬೇಡಿ. ಟೂಲ್ ಓಡಿಸಿ, ಬೇಕಂತಲೇ ತಪ್ಪು ಮಾಡಿ, ಬಂದದ್ದನ್ನು ಹಾಗ್ಹಾಗೇ ನಕಲು ಮಾಡಿಟ್ಟುಕೊಳ್ಳಿ. ನಾನು ಸಾಮಾನ್ಯವಾಗಿ ಇಷ್ಟು ಪ್ರಯೋಗ ಮಾಡುತ್ತೇನೆ:

- ಸಮಯವನ್ನೇ ಕೊಡದೆ ಹುಡುಕುವುದು.
- ಶುರುವಿನ ಸಮಯ ಮಾತ್ರ ಕೊಟ್ಟು, ಕೊನೆಯದನ್ನು ಬಿಡುವುದು.
- ಇಲ್ಲದ ಸರ್ವಿಸ್ ಹೆಸರು ಕೊಡುವುದು.
- ಲಾಗ್‌ನಲ್ಲಿ ಖಂಡಿತ ಇರುವ ಪದವನ್ನು ದೊಡ್ಡಕ್ಷರ, ಸಣ್ಣಕ್ಷರ ಬದಲಿಸಿ ಹುಡುಕುವುದು.
- ಆವರಣ ಚಿಹ್ನೆ, ಕೋಲನ್, ಉದ್ಧರಣ ಚಿಹ್ನೆ ಇರುವ ಪಠ್ಯವನ್ನು ಹುಡುಕುವುದು.
- ಲಕ್ಷಗಟ್ಟಲೆ ಸಾಲು ಬರುವಂಥ ಕ್ವೆರಿ ಕೊಡುವುದು.
- ಹತ್ತು ಸೆಕೆಂಡ್ ಹಿಂದೆ ನೀವೇ ಬರೆಸಿದ ಲಾಗ್ ಸಾಲನ್ನು ಹುಡುಕುವುದು.
- ಒಂದು ವರ್ಷ ಹಿಂದಿನ ದಿನಾಂಕ ಕೊಡುವುದು.

ಕೊನೆಯ ಎರಡನ್ನು ಜಾಸ್ತಿ ಜನ ಮಾಡುವುದಿಲ್ಲ. ಮಾಡಿ ನೋಡಿ. ಲಾಗ್ ಬರೆದ ಕ್ಷಣವೇ ಅದು ಹುಡುಕಾಟಕ್ಕೆ ಸಿಗಬೇಕು ಅಂತೇನಿಲ್ಲ, ಸಂಗ್ರಹಿಸಿ ಇಂಡೆಕ್ಸ್ ಮಾಡಲು (ಹುಡುಕಿದರೆ ಸಿಗುವಂತೆ ಜೋಡಿಸಲು) ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಳೆಯ ಲಾಗ್ ಅಳಿಸಿ ಹೋಗಿದ್ದರೂ ಎಷ್ಟೋ ಟೂಲ್‌ಗಳು "ಅಳಿಸಿದೆ" ಅನ್ನುವುದಿಲ್ಲ, ಸುಮ್ನೆ ಸೊನ್ನೆ ಸಾಲು ಕೊಡುತ್ತವೆ. ಪ್ರಯೋಗ ಮುಗಿಯುವಷ್ಟರಲ್ಲಿ ನಿಮ್ಮ ಹತ್ತಿರ ಒಂದು ಪುಟ ಟಿಪ್ಪಣಿ ಇರುತ್ತದೆ. ಡಾಕ್ಯುಮೆಂಟೇಶನ್‌ನ ನಿಜವಾದ ಸರಕು ಅದೇ.

ಹೆಜ್ಜೆ 2: ಚಿಕ್ಕ ವಿವರಣೆ

2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಪ್ರಕಟಿಸಿದ, ಎಐ ಮಾಡೆಲ್‌ಗೆ ಟೂಲ್ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಅಂದರೆ ಎಂಸಿಪಿ, ಬಳಸುವವರಿಗೆ ಈ ರಚನೆ ಗೊತ್ತೇ ಇರುತ್ತದೆ: ಟೂಲ್‌ಗೆ ಒಂದು ಹೆಸರು, ಒಂದು ವಿವರಣೆ, ಇನ್‌ಪುಟ್ ಹೇಗಿರಬೇಕು ಅಂತ ಹೇಳುವ ಜೇಸನ್ ಸ್ಕೀಮಾ. ಬೇರೆ ಚೌಕಟ್ಟುಗಳಲ್ಲೂ ಹೆಚ್ಚು ಕಡಿಮೆ ಇದೇ. ಟೂಲ್ ಬಳಸಬೇಕೋ ಬೇಡವೋ ಅಂತ ಮಾಡೆಲ್ ತೀರ್ಮಾನಿಸುವುದು ಈ ಚಿಕ್ಕ ವಿವರಣೆ ನೋಡಿಯೇ.

ನನ್ನ ಮೊದಲ ವಿವರಣೆ ಹೀಗಿತ್ತು:

> ಲಾಗ್‌ಗಳನ್ನು ಹುಡುಕುತ್ತದೆ. ಶಕ್ತಿಯುತ ಕ್ವೆರಿ ಭಾಷೆಗೆ ಬೆಂಬಲವಿದೆ.

"ಶಕ್ತಿಯುತ" ಅನ್ನುವುದು ಮಾರಾಟದ ಮಾತು. ಅದರಿಂದ ಏಜೆಂಟ್‌ಗೆ ಏನೂ ತಿಳಿಯುವುದಿಲ್ಲ. ಈಗ ಹೀಗೆ ಬರೆಯುತ್ತೇನೆ:

> ಪ್ರೊಡಕ್ಷನ್ ಸರ್ವಿಸ್‌ಗಳ ಲಾಗ್ ಸಾಲುಗಳನ್ನು ಪಠ್ಯ, ಸಮಯ, ಲೆವೆಲ್ ನೋಡಿ ಹುಡುಕುತ್ತದೆ. ಓದಲು ಮಾತ್ರ, ಏನನ್ನೂ ಬದಲಿಸುವುದಿಲ್ಲ. ಸಮಯ ಕೊಡದಿದ್ದರೆ ಕಳೆದ 1 ಗಂಟೆ ಮಾತ್ರ ನೋಡುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ 100 ಸಾಲು, ಹೊಸದು ಮೊದಲು. 14 ದಿನಕ್ಕಿಂತ ಹಳೆಯದು ಇಲ್ಲಿಲ್ಲ. ಅದಕ್ಕೆ ಆರ್ಕೈವ್_ಲಾಗ್ಸ್ ಬಳಸಿ. ಸಿಪಿಯು, ಮೆಮೊರಿಯಂಥ ಅಂಕಿಗಳಿಗೆ ಮೆಟ್ರಿಕ್ಸ್ ಟೂಲ್ ಬಳಸಿ. ಸೊನ್ನೆ ಸಾಲು ಬಂದರೆ ಮೊದಲು ಸಮಯದ ವ್ಯಾಪ್ತಿ ಮತ್ತು ಸರ್ವಿಸ್ ಹೆಸರು ಪರೀಕ್ಷಿಸಿ.

ಯಾವಾಗ ಬಳಸಬಾರದು ಅನ್ನುವುದು ಇಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಏಜೆಂಟ್‌ಗೆ ಹತ್ತು ಟೂಲ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಅವುಗಳ ನಡುವೆ ಗಡಿ ಎಲ್ಲಿದೆ ಅಂತ ಹೇಳದಿದ್ದರೆ, ಮೆಮೊರಿ ಎಷ್ಟಿದೆ ಅನ್ನುವುದಕ್ಕೂ ಅದು ಲಾಗ್‌ನಲ್ಲೇ ತಡಕಾಡುತ್ತದೆ.

ಹೆಜ್ಜೆ 3: ಪ್ಯಾರಾಮೀಟರ್‌ಗಳು, ಅದರಲ್ಲೂ ಸಮಯ

ಲಾಗ್ ಹುಡುಕಾಟದಲ್ಲಿ ಏಜೆಂಟ್ ಎಡವುವ ಮೊದಲ ಜಾಗ ಸಮಯ. ಇಲ್ಲಿ ಎರಡು ಸಾಲು ಜಾಸ್ತಿಯೇ ಬರೆಯಿರಿ.

"ಫ್ರಮ್: ಶುರುವಿನ ಸಮಯ" ಅಂತ ಬರೆದರೆ ಸಾಲದು. ಯಾವ ರೂಪದಲ್ಲಿ? ಆರ್‌ಎಫ್‌ಸಿ 3339 ಅನ್ನುವ ಇಂಟರ್ನೆಟ್ ಮಾನದಂಡದ ರೂಪವಾದರೆ ಅದರ ಜೊತೆ ಟೈಮ್‌ಝೋನ್ ಇರಲೇಬೇಕಾ? ಕೊಡದಿದ್ದರೆ ಯುಟಿಸಿ ಅಂದುಕೊಳ್ಳುತ್ತದಾ, ಸರ್ವರ್‌ನ ಸ್ಥಳೀಯ ಸಮಯ ಅಂದುಕೊಳ್ಳುತ್ತದಾ? 1970ರಿಂದ ಎಣಿಸಿ ಅಂಕಿಯಲ್ಲಿ ಕೊಡುವ ಯುನಿಕ್ಸ್ ಸಮಯವಾದರೆ ಸೆಕೆಂಡೋ, ಮಿಲಿಸೆಕೆಂಡೋ, ನ್ಯಾನೊಸೆಕೆಂಡೋ? ಸೆಕೆಂಡ್ ಕೊಡಬೇಕಾದ ಕಡೆ ಮಿಲಿಸೆಕೆಂಡ್ ಕೊಟ್ಟರೆ ದಿನಾಂಕ ಸಾವಿರಾರು ವರ್ಷ ಮುಂದಕ್ಕೆ ಹಾರಿಹೋಗುತ್ತದೆ, ಫಲಿತಾಂಶ ಮತ್ತೆ ಸೊನ್ನೆ. "15 ನಿಮಿಷ ಹಿಂದೆ" ಥರದ ಸಾಪೇಕ್ಷ ಸಮಯ ಒಪ್ಪುತ್ತದೆಯೇ ಅಂತಲೂ ಹೇಳಿ. ಏಜೆಂಟ್‌ಗೆ ಈಗ ಗಂಟೆ ಎಷ್ಟು ಅನ್ನುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಹಾಗಾಗಿ ಸಾಪೇಕ್ಷ ಸಮಯ ಒಪ್ಪುವ ಟೂಲ್ ಆದರೆ ಒಳ್ಳೆಯದು. ಜೊತೆಗೆ ಪ್ರತಿ ಉತ್ತರದಲ್ಲೂ ಸರ್ವರ್‌ನ ಈಗಿನ ಸಮಯ ಬಂದರೆ ಇನ್ನೂ ವಾಸಿ.

ಲಾಗ್ ಒಳಗಿನ ಸಮಯದ ಕಥೆ ಬೇರೆ. 2001ರ ಆರ್‌ಎಫ್‌ಸಿ 3164 ವಿವರಿಸುವ ಹಳೆಯ ಸಿಸ್‌ಲಾಗ್ (ಸಿಸ್ಟಂ ಲಾಗ್ ಸಂದೇಶಗಳ) ರೂಪದಲ್ಲಿ ವರ್ಷವೂ ಇಲ್ಲ, ಟೈಮ್‌ಝೋನೂ ಇಲ್ಲ. 2009ರ ಆರ್‌ಎಫ್‌ಸಿ 5424 ಇದನ್ನು ಸರಿಪಡಿಸಿತು. ಆದರೆ ಹಳೆಯ ರೂಪದ ಸಾಲುಗಳು ಇವತ್ತಿಗೂ ಸಿಗುತ್ತವೆ. ನಿಮ್ಮ ಲಾಗ್‌ನಲ್ಲಿ ಎರಡೂ ಬೆರೆತಿದ್ದರೆ, ಟೂಲ್ ಯಾವ ಸಮಯ ನೋಡಿ ಸೋಸುತ್ತದೆ ಅಂತ ಬರೆಯಿರಿ: ಸಾಲಿನಲ್ಲಿ ಬರೆದಿರುವ ಸಮಯವೋ, ಸಾಲು ಸಂಗ್ರಹಕ್ಕೆ ಬಂದು ತಲುಪಿದ ಸಮಯವೋ?

ಲೆವೆಲ್ (ಸಾಲು ಎಷ್ಟು ಗಂಭೀರ ಅನ್ನುವ ಗುರುತು) ಕೂಡ ಅಷ್ಟು ಸಾಧು ಪ್ರಾಣಿಯಲ್ಲ. ಸಿಸ್‌ಲಾಗ್‌ನಲ್ಲಿ 0 ಅಂದರೆ ಎಮರ್ಜೆನ್ಸಿ, 7 ಅಂದರೆ ಡೀಬಗ್. ಅಂಕಿ ಇಳಿದಷ್ಟೂ ಗಂಭೀರ. ಪೈಥಾನ್‌ನ ಲಾಗಿಂಗ್ ಲೈಬ್ರರಿಯಲ್ಲಿ ಡೀಬಗ್ 10, ಎರರ್ 40, ಕ್ರಿಟಿಕಲ್ 50. ಇಲ್ಲಿ ಅಂಕಿ ಏರಿದಷ್ಟೂ ಗಂಭೀರ. "ಕನಿಷ್ಠ ಲೆವೆಲ್" ಅಂತ ಪ್ಯಾರಾಮೀಟರ್ ಇಟ್ಟು ಅಂಕಿ ಕೇಳಿದರೆ ಏಜೆಂಟ್ ಯಾವ ಕಡೆಗೆ ವಾಲಬೇಕು? ಅಂಕಿ ಬಿಡಿ, ಹೆಸರು ಕೇಳಿ. ಒಪ್ಪುವ ಹೆಸರುಗಳನ್ನು ಸ್ಕೀಮಾದಲ್ಲೇ ಪಟ್ಟಿ ಮಾಡಿ. ಜೊತೆಗೆ "ವಾರ್ನ್ ಅಂತ ಕೊಟ್ಟರೆ ವಾರ್ನ್ ಮತ್ತು ಅದಕ್ಕಿಂತ ಗಂಭೀರವಾದದ್ದೆಲ್ಲ ಬರುತ್ತದೆ" ಅಂತ ಒಂದು ಸಾಲು ಸೇರಿಸಿ. ಲಿನಕ್ಸ್‌ನಲ್ಲಿ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಹಾಗೇ ಮಾಡುತ್ತದೆ, ಆದರೆ ಎಲ್ಲ ಟೂಲ್‌ಗಳೂ ಹಾಗಲ್ಲ.

ಇನ್ನು ಕ್ವೆರಿ. ಮೂರು ಪ್ರಶ್ನೆಗೆ ಮುಚ್ಚುಮರೆಯಿಲ್ಲದ ಉತ್ತರ ಬೇಕು. ಇದು ಇದ್ದ ಹಾಗೇ ಹುಡುಕುವ ಪಠ್ಯವೋ, ರೆಜೆಕ್ಸೋ (ಚಿಹ್ನೆಗಳಲ್ಲಿ ಬರೆಯುವ ಹುಡುಕಾಟದ ಮಾದರಿಯೋ), ಬೇರೆ ಭಾಷೆಯೋ? ಅಕ್ಷರದ ದೊಡ್ಡದು ಚಿಕ್ಕದು ಲೆಕ್ಕಕ್ಕಿದೆಯೇ? ಎರಡು ಪದ ಕೊಟ್ಟರೆ ಎರಡೂ ಇರಬೇಕೋ, ಒಂದಿದ್ದರೂ ಸಾಕೋ?

ರೆಜೆಕ್ಸ್ ಆದರೆ ಯಾವ ಜಾತಿ ಅಂತಲೂ ಹೇಳಿ. ಲೋಕಿ ಬಳಸುವುದು ಗೋ ಭಾಷೆಯ ಆರ್‌ಇ2 ವ್ಯಾಕರಣ. ಅದರಲ್ಲಿ ಲುಕ್‌ಅಹೆಡ್ (ಮುಂದೇನಿದೆ ಅಂತ ಇಣುಕಿ ನೋಡುವುದು) ಇಲ್ಲ, ಬ್ಯಾಕ್‌ರೆಫರೆನ್ಸ್ (ಹಿಂದೆ ಸಿಕ್ಕ ಪಠ್ಯವನ್ನೇ ಮತ್ತೆ ಹುಡುಕುವುದು) ಇಲ್ಲ. ಫೈಲ್‌ಗಳೊಳಗೆ ಹುಡುಕುವ ರಿಪ್‌ಗ್ರೆಪ್‌ನ ಸಾಮಾನ್ಯ ಎಂಜಿನ್‌ನಲ್ಲೂ ಇವಿಲ್ಲ, ಬೇಕಾದರೆ ಪಿಸಿಆರ್‌ಇ2 ಅನ್ನುವ ಬೇರೆ ಎಂಜಿನ್‌ನ ಆಯ್ಕೆ ಕೊಡಬೇಕು. ಎಲಾಸ್ಟಿಕ್‌ಸರ್ಚ್‌ನ ಒಳಗಿರುವ ಲ್ಯೂಸೀನ್‌ನ ರೆಜೆಕ್ಸ್‌ನಲ್ಲಿ ಸಾಲಿನ ಶುರು, ಕೊನೆ ಸೂಚಿಸುವ ಚಿಹ್ನೆಗಳೇ ಕೆಲಸ ಮಾಡುವುದಿಲ್ಲ. ಮಾಡೆಲ್‌ಗಳಿಗೆ ಲುಕ್‌ಅಹೆಡ್ ಅಂದರೆ ಅದೇನು ಪ್ರೀತಿಯೋ! "ಲುಕ್‌ಅಹೆಡ್ ನಡೆಯುವುದಿಲ್ಲ, ಒಂದು ಪದವನ್ನು ಹೊರಗಿಡಲು ಎಕ್ಸ್‌ಕ್ಲೂಡ್ ಪ್ಯಾರಾಮೀಟರ್ ಬಳಸಿ" ಅನ್ನುವ ಒಂದೇ ಸಾಲು ಎಷ್ಟೋ ವ್ಯರ್ಥ ಪ್ರಯತ್ನ ಉಳಿಸುತ್ತದೆ.

ಉಳಿದ ಪ್ಯಾರಾಮೀಟರ್‌ಗಳಿಗೆ ಸ್ಕೀಮಾ ಸಾಕು. ಸರ್ವಿಸ್ ಹೆಸರುಗಳು ಇಪ್ಪತ್ತರೊಳಗಿದ್ದರೆ ಅಲ್ಲೇ ಪಟ್ಟಿ ಮಾಡಿ. ಜಾಸ್ತಿ ಇದ್ದರೆ, ಅವನ್ನು ಪಟ್ಟಿ ಮಾಡುವ ಇನ್ನೊಂದು ಪುಟ್ಟ ಟೂಲ್ ಕೊಟ್ಟು "ಹೆಸರು ಊಹಿಸಬೇಡಿ, ಮೊದಲು ಇದನ್ನು ಕರೆಯಿರಿ" ಅಂತ ಬರೆಯಿರಿ.

ಹೆಜ್ಜೆ 4: ಉತ್ತರ ಹೇಗಿರುತ್ತದೆ ಅಂತ ತೋರಿಸಿ

ಹೊಸದು ಮೊದಲು ಬರುವ ಟೂಲ್‌ನಲ್ಲಿ ಮೇಲಿನ ಸಾಲು ಪರಿಣಾಮ, ಕೆಳಗಿನ ಸಾಲು ಕಾರಣ. ಏಜೆಂಟ್ ಇದನ್ನು ತಿರುವುಮುರುವಾಗಿ ಓದಿ, ರಿಟ್ರೈ ಆದದ್ದರಿಂದಲೇ ಕನೆಕ್ಷನ್ ಕಡಿಯಿತು ಅಂತ ವಾದ ಮಾಡಿದ್ದನ್ನು ನೋಡಿದ್ದೇನೆ. ಆದ್ದರಿಂದ ಕ್ರಮವನ್ನು ಬರೆಯಿರಿ. ಒಂದು ಅಸಲಿ ಉತ್ತರವನ್ನೂ ಪೂರ್ತಿ ಹಾಕಿ, ಗುಟ್ಟಿನ ಮಾಹಿತಿ ತೆಗೆದು (ಇಲ್ಲಿ ನಾನು ಲಾಗ್ ಸಾಲು ಒಂದನ್ನೇ ತೋರಿಸಿದ್ದೇನೆ):

> ಹುಡುಕಿದ ವ್ಯಾಪ್ತಿ: 2025-03-14 08:00:00 +00:00 ಇಂದ 09:00:00 +00:00
> ಸರ್ವಿಸ್: ಪೇಮೆಂಟ್
> ಹೊಂದಿದ ಒಟ್ಟು ಸಾಲು: 2,317. ಇಲ್ಲಿ ತೋರಿಸಿದ್ದು: 100. ಕ್ರಮ: ಹೊಸದು ಮೊದಲು
> ಪೂರ್ತಿ ಹುಡುಕಿದೆಯೇ: ಹೌದು
> 08:59:58 ಎರರ್ ಟ್ರೇಸ್=7ಎ41 ಡೇಟಾಬೇಸ್ ಕನೆಕ್ಷನ್‌ಗೆ ಕಾದು ಸಮಯ ಮೀರಿತು

ಮೊದಲ ನಾಲ್ಕು ಸಾಲು ನಿಮ್ಮ ಟೂಲ್ ಈಗ ಕೊಡುತ್ತಿಲ್ಲ ಅಂದರೆ, ಟೂಲ್ ಅನ್ನೇ ಬದಲಿಸಲು ಕೇಳಿ. ಡಾಕ್ಯುಮೆಂಟೇಶನ್ ಬರೆಯುವವರು ಕೋಡ್ ಬದಲಿಸಲು ಕೇಳಬಾರದು ಅಂತ ಯಾವ ನಿಯಮವೂ ಇಲ್ಲ. ಉತ್ತರದ ತಲೆಯಲ್ಲೇ ಬರುವ ಮಾತು, ಬೇರೆಲ್ಲೋ ಬರೆದಿಟ್ಟ ಎಚ್ಚರಿಕೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಏಜೆಂಟ್ ಅದನ್ನು ಬೇಕಾದ ಕ್ಷಣದಲ್ಲೇ ಓದುತ್ತದಲ್ಲ!

ಒಟ್ಟು ಎಷ್ಟು ಅನ್ನುವ ಅಂಕಿಯಲ್ಲೂ ಒಂದು ಕೊಕ್ಕೆ ಇದೆ. ಎಲಾಸ್ಟಿಕ್‌ಸರ್ಚ್ ಬೇರೇನೂ ಹೇಳದಿದ್ದರೆ 10 ಫಲಿತಾಂಶ ಮಾತ್ರ ಕೊಡುತ್ತದೆ, ಒಟ್ಟು ಲೆಕ್ಕವನ್ನು 10,000ದವರೆಗೆ ಮಾತ್ರ ನಿಖರವಾಗಿ ಎಣಿಸುತ್ತದೆ. ಲೋಕಿಯ ಎಚ್‌ಟಿಟಿಪಿ ಎಪಿಐ ಡೀಫಾಲ್ಟ್ ಆಗಿ ಕಳೆದ ಒಂದು ಗಂಟೆ ನೋಡಿ 100 ಸಾಲು ಕೊಡುತ್ತದೆ. ಇವುಗಳ ಮೇಲೆ ನಿಮ್ಮ ಟೂಲ್ ಕಟ್ಟಿದ್ದರೆ ಈ ಮಿತಿಗಳೆಲ್ಲ ಸದ್ದಿಲ್ಲದೆ ನಿಮ್ಮದೂ ಆಗಿರುತ್ತವೆ. "10,000 ಅಂತ ಬಂದರೆ ಅದಕ್ಕಿಂತ ಜಾಸ್ತಿ ಇರಬಹುದು ಅಂತ ಅರ್ಥ" ಎಂದು ಬರೆಯದಿದ್ದರೆ, ಏಜೆಂಟ್ ತನ್ನ ವರದಿಯಲ್ಲಿ ಸರಿಯಾಗಿ ಹತ್ತು ಸಾವಿರ ಎರರ್ ಅಂತಲೇ ಬರೆಯುತ್ತದೆ.

ಸ್ಟ್ಯಾಕ್ ಟ್ರೇಸ್ (ಎರರ್ ಕೋಡ್‌ನ ಯಾವ ಯಾವ ಜಾಗ ದಾಟಿ ಬಂತು ಅನ್ನುವ ಪಟ್ಟಿ) ಬಗ್ಗೆಯೂ ಒಂದು ಮಾತು ಹಾಕಿ. ನಲವತ್ತು ಸಾಲಿನ ಟ್ರೇಸ್ ಒಂದೇ ದಾಖಲೆಯಾಗಿ ಬರುತ್ತದೋ, ನಲವತ್ತು ಬಿಡಿ ಸಾಲುಗಳಾಗಿ ಚದುರಿರುತ್ತದೋ? ಚದುರಿದ್ದರೆ "ಎರರ್" ಅಂತ ಹುಡುಕಿದಾಗ ಮೊದಲ ಸಾಲು ಮಾತ್ರ ಸಿಗುತ್ತದೆ. ಕಾರಣ ಇರುವ ಸಾಲಿನಲ್ಲಿ ಆ ಪದವೇ ಇರುವುದಿಲ್ಲ.

ಹೆಜ್ಜೆ 5: "ಏನೂ ಇಲ್ಲ" ಅನ್ನುವುದರ ಮೂರು ಅರ್ಥ

ಸಮಯ ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಇದೊಂದನ್ನು ಬರೆಯಿರಿ.

ಖಾಲಿ ಉತ್ತರಕ್ಕೆ ಮೂರು ಅರ್ಥ ಇರಬಹುದು. ಒಂದು, ಪೂರ್ತಿ ಹುಡುಕಿದೆ, ನಿಜಕ್ಕೂ ಇಲ್ಲ. ಎರಡು, ಹುಡುಕಲು ಆಗಲೇ ಇಲ್ಲ: ಅನುಮತಿ ಇಲ್ಲ, ಕ್ವೆರಿ ತಪ್ಪು, ಸರ್ವರ್ ಉತ್ತರಿಸಲಿಲ್ಲ. ಮೂರು, ಸ್ವಲ್ಪ ಹುಡುಕಿದೆ, ಉಳಿದದ್ದನ್ನು ನೋಡಿಲ್ಲ. ಮೂರನೆಯದೇ ಅಪಾಯಕಾರಿ. ಹೊರಗಿನಿಂದ ನೋಡಿದರೆ ಅದು ಮೊದಲನೆಯದರ ಹಾಗೇ ಕಾಣುತ್ತದೆ.

ಗ್ರೆಪ್ ನೋಡಿ. ಸಿಕ್ಕರೆ ಅದರ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಅಂಕಿ) 0, ಸಿಗದಿದ್ದರೆ 1, ತಪ್ಪಾದರೆ 2. ಎಷ್ಟು ಅಚ್ಚುಕಟ್ಟು! ಆದರೆ ಏಜೆಂಟ್ ಅನ್ನು ಓಡಿಸುವ ಹೊದಿಕೆ ಪ್ರೋಗ್ರಾಂ, ಸೊನ್ನೆಯಲ್ಲದ್ದೆಲ್ಲ ವೈಫಲ್ಯ ಅಂದುಕೊಂಡು "ಕಮಾಂಡ್ ವಿಫಲವಾಯಿತು" ಅಂತ ಹೇಳಿಬಿಟ್ಟರೆ? ಸುಮ್ನೆ ಒಂದು ಪದ ಸಿಗದ್ದಕ್ಕೆ ಏಜೆಂಟ್ ಫೈಲ್ ಅನುಮತಿ ಸರಿಪಡಿಸಲು ಹೊರಡುತ್ತದೆ. "ಕೋಡ್ 1 ಬಂದರೆ ತಪ್ಪಲ್ಲ, ಹೊಂದುವ ಸಾಲು ಇಲ್ಲ ಅಂತ ಅರ್ಥ" ಅನ್ನುವ ಸಾಲು ಇದಕ್ಕೇ ಬೇಕು. ಎಂಸಿಪಿಯಲ್ಲಿ ಟೂಲ್‌ನ ಉತ್ತರಕ್ಕೆ ಎರರ್ ಅಂತ ಗುರುತು ಹಾಕುವ ವ್ಯವಸ್ಥೆ ಇದೆ. ಎರಡನೆಯ ಅರ್ಥಕ್ಕೆ ಆ ಗುರುತು ಹಾಕಿ, ಮೊದಲನೆಯದಕ್ಕೆ ಹಾಕಬೇಡಿ.

ಮೂರನೆಯದಕ್ಕೆ ಒಳ್ಳೆಯ ಉದಾಹರಣೆ ರಿಪ್‌ಗ್ರೆಪ್. ಗಿಟ್ ರೆಪೊಸಿಟರಿಯಲ್ಲಿ ಹುಡುಕುವಾಗ, ಗಿಟ್‌ಇಗ್ನೋರ್ ಫೈಲ್‌ನಲ್ಲಿ ಹೆಸರಿಸಿದ ಫೈಲ್‌ಗಳನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ಚುಕ್ಕಿಯಿಂದ ಶುರುವಾಗುವ ಫೈಲ್‌ಗಳನ್ನೂ ಬಿಡುತ್ತದೆ. ಕೋಡ್ ಹುಡುಕುವವರಿಗೆ ಇದು ವರ. ಆದರೆ ಲಾಗ್ ಫೈಲ್‌ಗಳನ್ನು ಗಿಟ್‌ಗೆ ಹಾಕಬಾರದು ಅಂತ ಎಲ್ಲರೂ ಮೊದಲ ದಿನವೇ ಗಿಟ್‌ಇಗ್ನೋರ್‌ಗೆ ಸೇರಿಸಿರುತ್ತಾರೆ, ಅಲ್ವಾ? ಹಾಗಾಗಿ ಲಾಗ್ ಹುಡುಕಲು ಹೋದಾಗ ಬೇಕಾದ ಫೈಲ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ, "ಏನೂ ಇಲ್ಲ" ಅನ್ನುತ್ತದೆ. ರೊಟೇಟ್ ಆಗಿ (ಹೊಸ ಫೈಲ್ ಶುರುವಾದಾಗ ಬದಿಗೆ ಸರಿದು) ಜಿಜಿಪ್‌ನಲ್ಲಿ ಕುಗ್ಗಿಸಿಟ್ಟ ಹಳೆಯ ಫೈಲ್‌ಗಳದ್ದೂ ಇದೇ ಪಾಡು. ಒಳಗೆ ನೋಡು ಅಂತ ಬೇರೆಯಾಗಿ ಹೇಳದಿದ್ದರೆ ನೋಡುವುದಿಲ್ಲ.

ಇಷ್ಟೆಲ್ಲ ಅರ್ಥವಾದ ಮೇಲೆ ಬರೆಯಬೇಕಾದದ್ದು ಒಂದು ಚಿಕ್ಕ ಭಾಗ. ನನ್ನದು ಹೀಗಿದೆ:

> ಸೊನ್ನೆ ಸಾಲು ಬಂದರೆ:
> 1. "ಪೂರ್ತಿ ಹುಡುಕಿದೆಯೇ" ನೋಡಿ. "ಇಲ್ಲ" ಅಂತಿದ್ದರೆ ವ್ಯಾಪ್ತಿಯನ್ನು ಅರ್ಧ ಮಾಡಿ ಮತ್ತೆ ಹುಡುಕಿ.
> 2. ಅದೇ ಸರ್ವಿಸ್, ಅದೇ ಸಮಯ, ಕ್ವೆರಿ ಖಾಲಿ ಬಿಟ್ಟು ಹುಡುಕಿ. ಈಗಲೂ ಸೊನ್ನೆಯಾದರೆ ಆ ಹೊತ್ತಿನ ಲಾಗ್ ಇಲ್ಲಿಗೆ ಬಂದೇ ಇಲ್ಲ. ಎರರ್ ಇಲ್ಲ ಅಂತ ಹೇಳಬೇಡಿ.
> 3. ವ್ಯಾಪ್ತಿ ಈಗಿನ ಕ್ಷಣದವರೆಗೆ ಇದ್ದರೆ, ಕೊನೆಯ 2 ನಿಮಿಷದ ಲಾಗ್ ಇನ್ನೂ ಬಂದಿರಲಿಕ್ಕಿಲ್ಲ.
> 4. ಇಷ್ಟಾದರೂ ಸಿಗದಿದ್ದರೆ ವರದಿಯಲ್ಲಿ "ಇಷ್ಟರಿಂದ ಇಷ್ಟರವರೆಗೆ, ಈ ಸರ್ವಿಸ್‌ನಲ್ಲಿ, ಈ ಪದ ಸಿಗಲಿಲ್ಲ" ಅಂತ ಬರೆಯಿರಿ.

ಎರಡನೆಯ ಅಂಶಕ್ಕೆ ನನ್ನ ಮತ ಎಲ್ಲಕ್ಕಿಂತ ಮೊದಲು. ಹಳ್ಳದಲ್ಲಿ ಮೀನಿಲ್ಲ ಅನ್ನುವ ಮುಂಚೆ ನೀರಿದೆಯೇ ಅಂತ ನೋಡಬೇಕಲ್ಲ. ನಿಮ್ಮಲ್ಲಿ ಎರಡು ನಿಮಿಷದ ಬದಲು ಬೇರೆ ಅಂಕಿ ಇರುತ್ತದೆ, ಅಳೆದು ಬರೆಯಿರಿ.

ಹೆಜ್ಜೆ 6: ಎರರ್ ಸಂದೇಶವೂ ಡಾಕ್ಯುಮೆಂಟೇಶನ್ನೇ

"ಅಮಾನ್ಯ ಕ್ವೆರಿ" ಅಂದರೆ ಏಜೆಂಟ್ ಅದೇ ಕ್ವೆರಿಯನ್ನು ಸ್ವಲ್ಪ ತಿರುಚಿ ನಾಲ್ಕು ಸಲ ಕಳಿಸುತ್ತದೆ. ಬದಲಿಗೆ ಹೀಗಿರಲಿ: "ಸರ್ವಿಸ್ 'ಪೇಮೆಂಟ್ಸ್' ಇಲ್ಲ. ಹತ್ತಿರದ ಹೆಸರು: ಪೇಮೆಂಟ್, ಪೇಮೆಂಟ್-ವರ್ಕರ್." ಏನು ತಪ್ಪಾಯಿತು, ಮುಂದೆ ಏನು ಮಾಡಬೇಕು, ಎರಡೂ ಒಂದೇ ಸಾಲಿನಲ್ಲಿ. ಮತ್ತೆ ಪ್ರಯತ್ನಿಸಿದರೆ ಪ್ರಯೋಜನ ಇದೆಯೋ ಇಲ್ಲವೋ ಅಂತಲೂ ಹೇಳಿ. ಸರ್ವರ್‌ಗೆ ಕೆಲಸ ಜಾಸ್ತಿಯಾಗಿದ್ದರೆ ಸ್ವಲ್ಪ ಕಾದು ಕೇಳಬಹುದು, ಅನುಮತಿ ಇಲ್ಲದಿದ್ದರೆ ನೂರು ಸಲ ಕೇಳಿದರೂ ಅಷ್ಟೇ.

ಹೆಜ್ಜೆ 7: ಹುಡುಕುವ ದಾರಿ ತೋರಿಸಿ

ಪ್ಯಾರಾಮೀಟರ್ ಎಲ್ಲ ಗೊತ್ತಿದ್ದರೂ ಹುಡುಕಲು ಬರುತ್ತದೆ ಅಂತಲ್ಲ. ಬಿಟ್ಟರೆ ಏಜೆಂಟ್ ಮೊದಲ ಏಟಿಗೇ "ಎರರ್" ಅಂತ ಹುಡುಕಿ, ಸಿಕ್ಕಷ್ಟು ಸಾಲುಗಳನ್ನು ತನ್ನ ಕಾಂಟೆಕ್ಸ್ಟ್‌ಗೆ (ಮಾಡೆಲ್ ಒಂದು ಸಲಕ್ಕೆ ನೋಡಬಲ್ಲ ಪಠ್ಯದ ಜಾಗಕ್ಕೆ) ಸುರಿದುಕೊಳ್ಳುತ್ತದೆ. ಕಾಂಟೆಕ್ಸ್ಟ್ ತುಂಬಿದ ಮೇಲೆ ಮೂಲ ಪ್ರಶ್ನೆಯೇ ಮಸುಕಾಗುತ್ತದೆ. ಅನುಭವಿಗಳು ಹೀಗೆ ಮಾಡುವುದಿಲ್ಲ. ಮೊದಲು ಎಣಿಸುತ್ತಾರೆ: ಯಾವ ಹತ್ತು ನಿಮಿಷದಲ್ಲಿ ಎರರ್ ಏರಿದೆ? ಆ ಏರಿಕೆ ಶುರುವಾದ ಜಾಗಕ್ಕೆ ಹೋಗಿ ಐದಾರು ಸಾಲು ಮಾತ್ರ ನೋಡುತ್ತಾರೆ. ಅದರಲ್ಲಿ ಒಂದರ ಟ್ರೇಸ್ ಐಡಿ (ಒಂದು ಕೋರಿಕೆ ಹೋದ ಕಡೆಯೆಲ್ಲ ಅದಕ್ಕೆ ಅಂಟಿರುವ ಗುರುತು) ಹಿಡಿದು ಎಲ್ಲ ಸರ್ವಿಸ್‌ಗಳಲ್ಲೂ ಹುಡುಕುತ್ತಾರೆ. ಆಮೇಲೆ ಏನೂ ತೊಂದರೆ ಇಲ್ಲದ ಹಿಂದಿನ ದಿನ ಅದೇ ಸಾಲು ಇತ್ತೇ ಅಂತ ನೋಡುತ್ತಾರೆ. ಈ ಕೊನೆಯ ಹೆಜ್ಜೆ ಬಹಳ ಮುಖ್ಯ. ವರ್ಷದಿಂದ ದಿನಾ ಬರುತ್ತಿರುವ, ಯಾರಿಗೂ ಲೆಕ್ಕಕ್ಕಿಲ್ಲದ ಎರರ್ ಸಾಲು ಎಲ್ಲ ಸಿಸ್ಟಂನಲ್ಲೂ ಇರುತ್ತದೆ. ಏಜೆಂಟ್ ಅದನ್ನೇ ಕಳ್ಳ ಅಂತ ಹಿಡಿದು ತರುತ್ತದೆ.

ಇದನ್ನು ನಿಯಮಗಳಾಗಿ ಬರೆಯುವುದಕ್ಕಿಂತ ಒಂದು ಪೂರ್ತಿ ಉದಾಹರಣೆಯಾಗಿ ಬರೆಯಿರಿ. ಪ್ರಶ್ನೆ, ಮೊದಲ ಕರೆ, ಬಂದ ಉತ್ತರ, ಅದನ್ನು ನೋಡಿ ಮಾಡಿದ ಎರಡನೆಯ ಕರೆ, ಹೀಗೆ. ಇಂಥ ಎರಡು ಮೂರು ಸಾಕು. ಅದರಲ್ಲಿ ಒಂದು ಮೊದಲ ಪ್ರಯತ್ನದಲ್ಲಿ ಸೊನ್ನೆ ಬಂದು, ಆಮೇಲೆ ಸರಿದಾರಿ ಹಿಡಿದ ಉದಾಹರಣೆಯಾಗಿರಲಿ. ಹತ್ತು ಉದಾಹರಣೆ ಹಾಕಬೇಡಿ, ಅವುಗಳಿಗೂ ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು) ಖರ್ಚಾಗುತ್ತದೆ. ಒಂದು ವಿಷಯ ಗಮನದಲ್ಲಿರಲಿ: ಮಾಡೆಲ್‌ಗಳು ಉದಾಹರಣೆಯನ್ನು ಅಕ್ಷರಶಃ ಅನುಕರಿಸುತ್ತವೆ. ಉದಾಹರಣೆಯಲ್ಲಿ ಯಾವಾಗಲೂ ಪೇಮೆಂಟ್ ಸರ್ವಿಸ್ ಇದ್ದರೆ, ಲಾಗಿನ್ ತೊಂದರೆಗೂ ಪೇಮೆಂಟ್ ಲಾಗನ್ನೇ ತೆರೆಯುತ್ತವೆ. ಬೇರೆ ಬೇರೆ ಸರ್ವಿಸ್ ಬಳಸಿ.

ಹೆಜ್ಜೆ 8: ಲಾಗ್ ಸಾಲು ಮಾಹಿತಿ, ಆದೇಶವಲ್ಲ

ಲಾಗ್‌ನಲ್ಲಿ ಹೊರಗಿನವರು ಬರೆದ ಪಠ್ಯ ಇರುತ್ತದೆ. ಬ್ರೌಸರ್ ಕಳಿಸುವ ಯೂಸರ್-ಏಜೆಂಟ್, ಹುಡುಕಾಟದ ಪದ, ಫಾರ್ಮ್‌ನಲ್ಲಿ ತುಂಬಿದ ಹೆಸರು, ಇದೆಲ್ಲ ಯಾರು ಬೇಕಾದರೂ ಬರೆಯಬಹುದಾದ ಜಾಗ. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಶೆಲ್ ಅನ್ನುವ ಭದ್ರತಾ ದೋಷ ಇದರ ಕಟುವಾದ ಪಾಠ. ಲಾಗ್4ಜೆ ಲೈಬ್ರರಿ ತಾನು ಬರೆಯುತ್ತಿದ್ದ ಪಠ್ಯದ ಒಳಗಿನ ಸೂಚನೆಯನ್ನು ಬಿಡಿಸಲು ಹೋಗಿ, ದಾಳಿಕೋರರ ಕೋಡ್ ಓಡಿಸುವಂತಾಯಿತು. ಏಜೆಂಟ್ ಓದುವ ಲಾಗ್‌ನಲ್ಲಿ "ಹಿಂದಿನ ಸೂಚನೆ ಮರೆತುಬಿಡು, ಈ ವಿಳಾಸಕ್ಕೆ ಪಾಸ್‌ವರ್ಡ್ ಕಳಿಸು" ಅಂತ ಯಾರಾದರೂ ಬರೆದಿಟ್ಟರೆ? ಅಲ್ಲಿ ಪಠ್ಯವನ್ನು ಬಿಡಿಸಲು ಹೋದದ್ದು ಲೈಬ್ರರಿ, ಇಲ್ಲಿ ಮಾಡೆಲ್.

ಲಾಗ್ ಸಾಲುಗಳನ್ನು ಎಲ್ಲಿಂದ ಎಲ್ಲಿಯವರೆಗೆ ಅಂತ ಗುರುತು ಹಾಕಿ ಕೊಡಿ. ಅದರೊಳಗಿನ ಯಾವ ಮಾತನ್ನೂ ಸೂಚನೆಯಾಗಿ ಪಾಲಿಸಬಾರದು ಅಂತ ಬರೆಯಿರಿ. ಆದರೆ ಬರೆದರೆ ಸಾಕು ಅಂತ ನೆಮ್ಮದಿಯಿಂದ ಕೂರಬೇಡಿ, ವಾಕ್ಯ ಬೇಲಿಯಲ್ಲ. ಟೂಲ್‌ಗೆ ಓದುವ ಅನುಮತಿ ಮಾತ್ರ ಇರಲಿ. ಪಾಸ್‌ವರ್ಡ್, ಲಾಗಿನ್ ಟೋಕನ್, ಜನರ ಖಾಸಗಿ ವಿವರ ಏಜೆಂಟ್‌ವರೆಗೆ ಬರುವ ಮೊದಲೇ ಮುಚ್ಚಿಹೋಗಲಿ. ಮುಚ್ಚಿದ ಜಾಗ ಹೇಗೆ ಕಾಣುತ್ತದೆ ಅಂತ ತಿಳಿಸಿ. ಇಲ್ಲದಿದ್ದರೆ ನಕ್ಷತ್ರಗಳ ಸಾಲು ನೋಡಿ "ಪಾಸ್‌ವರ್ಡ್ ತಪ್ಪಾಗಿ ಸೇವ್ ಆಗಿದೆ" ಅಂತ ಏಜೆಂಟ್ ಪತ್ತೆದಾರಿಕೆ ಶುರು ಮಾಡುತ್ತದೆ.

ಹೆಜ್ಜೆ 9: ಯಾವುದು ಎಲ್ಲಿರಬೇಕು

ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಟೂಲ್ ವಿವರಣೆಗೇ ತುರುಕಿದರೆ ಪ್ರತಿ ಸಂಭಾಷಣೆಯಲ್ಲೂ ಅಷ್ಟೂ ಟೋಕನ್ ಖರ್ಚು. ಲಾಗ್ ಬೇಡದ ಕೆಲಸಕ್ಕೂ ಖರ್ಚೇ. ನಾನು ಹಂಚುವುದು ಹೀಗೆ: ಸದಾ ಕಣ್ಣೆದುರು ಇರಬೇಕಾದದ್ದು ಚಿಕ್ಕ ವಿವರಣೆಯಲ್ಲಿ, ಪ್ಯಾರಾಮೀಟರ್‌ನದ್ದು ಸ್ಕೀಮಾದಲ್ಲಿ, ಆ ಹೊತ್ತಿಗೆ ಮಾತ್ರ ಬೇಕಾದದ್ದು ಉತ್ತರ ಮತ್ತು ಎರರ್ ಸಂದೇಶದಲ್ಲಿ. ಉದಾಹರಣೆ, ಕ್ವೆರಿ ವ್ಯಾಕರಣ ಬೇರೆ ಫೈಲ್‌ನಲ್ಲಿ. ಬೇಕಾದಾಗ ತೆರೆದು ಓದಲಿ. ಎಲ್ಲಿ ಹಾಕಬೇಕು ಅಂತ ಗೊಂದಲವಾದರೆ, ಈ ಸಾಲು ಗೊತ್ತಿಲ್ಲದೆ ಮಾಡಿದ ಮೊದಲ ಕರೆಯೇ ತಪ್ಪು ಉತ್ತರ ಕೊಡುತ್ತದಾ ಅಂತ ಕೇಳಿಕೊಳ್ಳಿ. ಹೌದಾದರೆ ಅದು ಚಿಕ್ಕ ವಿವರಣೆಯಲ್ಲೇ ಇರಬೇಕು. ಒಂದು ಗಂಟೆಯ ಡೀಫಾಲ್ಟ್ ಅಲ್ಲಿರುವುದು ಅದಕ್ಕೇ.

ಹೆಜ್ಜೆ 10: ಏಜೆಂಟ್ ಕೈಗೆ ಕೊಟ್ಟು, ಹಿಂದೆ ನಿಂತು ನೋಡಿ

ಬರೆದದ್ದು ಚೆನ್ನಾಗಿದೆಯೇ ಅಂತ ಮಾಡೆಲ್ ಅನ್ನೇ ಕೇಳಿದರೆ "ತುಂಬಾ ಸ್ಪಷ್ಟವಾಗಿದೆ" ಅನ್ನುತ್ತದೆ. ಆ ಮಾತಿಗೆ ಬೆಲೆ ಕೊಡಬೇಡಿ. ಕೆಲಸ ಕೊಡಿ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಹತ್ತು ಹನ್ನೆರಡು ಪ್ರಶ್ನೆ ಆರಿಸಿಕೊಳ್ಳಿ. ಹಿಂದಿನ ಸಂಭಾಷಣೆಯ ನೆರಳಿಲ್ಲದ ಹೊಸ ಸೆಷನ್‌ನಲ್ಲಿ, ಬರೀ ನಿಮ್ಮ ಡಾಕ್ಯುಮೆಂಟೇಶನ್ ಕೊಟ್ಟು ಓಡಿಸಿ. ಪ್ರಶ್ನೆಗಳಲ್ಲಿ ಇವು ತಪ್ಪದೆ ಇರಲಿ: ನಿನ್ನೆ ರಾತ್ರಿ ಆದ ತೊಂದರೆ, ಎರಡು ಸರ್ವಿಸ್‌ಗಳ ನಡುವಿನ ತೊಂದರೆ, ಲಾಗ್ ಅಳಿಸಿಹೋದಷ್ಟು ಹಳೆಯ ತೊಂದರೆ, ಮತ್ತು ಲಾಗ್‌ನಲ್ಲಿ ಉತ್ತರವೇ ಇಲ್ಲದ ಒಂದು ಪ್ರಶ್ನೆ. ಕೊನೆಯದಕ್ಕೆ ಏಜೆಂಟ್ ಏನನ್ನುತ್ತದೆ ಅನ್ನುವುದರ ಮೇಲೆ ನಿಮ್ಮ ಐದನೆಯ ಹೆಜ್ಜೆ ಗೆದ್ದಿದೆಯೋ ಸೋತಿದೆಯೋ ಗೊತ್ತಾಗುತ್ತದೆ.

ಅಂತಿಮ ಉತ್ತರ ಮಾತ್ರ ನೋಡಬೇಡಿ, ಅದು ಮಾಡಿದ ಕರೆಗಳನ್ನು ಒಂದೊಂದಾಗಿ ಓದಿ. ಸರಿಯಾದ ಉತ್ತರಕ್ಕೆ ತಪ್ಪು ದಾರಿಯಲ್ಲಿ ಬಂದಿರಬಹುದು. ಒಂದೇ ಪ್ಯಾರಾಮೀಟರ್‌ನಲ್ಲಿ ಪದೇ ಪದೇ ತಪ್ಪಾಗುತ್ತಿದ್ದರೆ ಅಲ್ಲಿ ವಿವರಣೆ ಸಾಲದು, ಅಥವಾ ಹೆಸರೇ ಕೆಟ್ಟದಾಗಿದೆ. ಎರಡನೆಯದು ಅಂತ ಅನುಮಾನ ಬಂದರೆ ವಾಕ್ಯ ಸೇರಿಸಬೇಡಿ, ಹೆಸರು ಬದಲಿಸಿ. "ಟೈಮ್" ಅನ್ನುವ ಪ್ಯಾರಾಮೀಟರ್‌ಗೆ ಮೂರು ಸಾಲು ವಿವರಣೆ ಬರೆದು ಸೋತು, ಕೊನೆಗೆ "ಫ್ರಮ್_ಯುಟಿಸಿ" ಅಂತ ಹೆಸರಿಟ್ಟ ಮೇಲೆ ಆ ಮೂರೂ ಸಾಲು ಅಳಿಸಿದ್ದೇನೆ. ಪ್ರತಿ ಪ್ರಶ್ನೆಯನ್ನೂ ಮೂರು ನಾಲ್ಕು ಸಲ ಓಡಿಸಿ, ಮಾಡೆಲ್ ಪ್ರತಿ ಸಲ ಒಂದೇ ದಾರಿ ಹಿಡಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಆಮೇಲೆ ಇದನ್ನು ಹಳಸಲು ಬಿಡಬಾರದು. ಯಾರೋ ಲಿಮಿಟ್ ಅನ್ನು 100ರಿಂದ 50ಕ್ಕೆ ಇಳಿಸುತ್ತಾರೆ, ಡಾಕ್ಯುಮೆಂಟೇಶನ್ ಮಾತ್ರ ನೂರು ಅನ್ನುತ್ತಲೇ ಇರುತ್ತದೆ. ಐವತ್ತು ಸಾಲು ಬಂದಾಗ ಏಜೆಂಟ್ "ನೂರಕ್ಕಿಂತ ಕಡಿಮೆ ಬಂದಿದೆ, ಅಂದರೆ ಎಲ್ಲವೂ ಸಿಕ್ಕಿದೆ" ಅಂತ ಲೆಕ್ಕ ಹಾಕುತ್ತದೆ. ಏನೂ ಬರೆಯದಿದ್ದರೆ ಅದು ಅನುಮಾನವನ್ನಾದರೂ ಪಡುತ್ತಿತ್ತೇನೋ. ಹಾಗಾಗಿ ಡೀಫಾಲ್ಟ್ ಅಂಕಿಗಳನ್ನು ಸಾಧ್ಯವಾದರೆ ಕೋಡ್‌ನಿಂದಲೇ ವಿವರಣೆಗೆ ಎಳೆದುಕೊಳ್ಳಿ. ಉದಾಹರಣೆಯಲ್ಲಿ ಬರೆದ ಕರೆಗಳನ್ನು ಪ್ರತಿ ಬಿಡುಗಡೆಗೆ ಮುಂಚೆ ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ನಡೆಯುವ ಪರೀಕ್ಷೆಯಲ್ಲಿ) ನಿಜವಾಗಿ ಓಡಿಸಿ. ಎಚ್ಚರಿಕೆಯ ಪ್ರತಿ ಸಾಲಿನ ಪಕ್ಕ, ಅದು ಯಾವ ಎಡವಟ್ಟಿನಿಂದ ಬಂತು ಅಂತ ನಿಮ್ಮ ತಂಡಕ್ಕೆ ಮಾತ್ರ ಕಾಣುವ ಕಾಮೆಂಟ್ ಹಾಕಿಡಿ. ಆರು ತಿಂಗಳಾದ ಮೇಲೆ ಡಾಕ್ ಉದ್ದವಾಯಿತು ಅಂತ ಯಾರೋ ಕತ್ತರಿ ಹಿಡಿದು ಕೂರುತ್ತಾರೆ. ಯಾವ ಸಾಲು ಅಳಿಸಬಹುದು, ಯಾವುದನ್ನು ಮುಟ್ಟಬಾರದು ಅಂತ ಅವರು ತೀರ್ಮಾನಿಸುವುದು ಆ ಕಾಮೆಂಟ್ ನೋಡಿಯೇ.